ಹೆಡ್‌ಲೈಟ್ ಬಲ್ಬ್ ಇಟ್ಟು ಅರ್ಥಿಂಗ್ ಪರೀಕ್ಷೆ: ನನ್ನ ಅನುಭವ

ಮಲ್ಟಿಮೀಟರ್ ಬೀಪ್ ಅಂದಿತು ಅಂದರೆ ಅರ್ಥಿಂಗ್ ಸರಿ ಇದೆ ಅಂತ ನಂಬುವವರ ಜೊತೆ ವಾದ ಮಾಡಿ ಸಾಕಾಗಿದೆ ಮಾರಾಯ್ರೇ. ನಮ್ಮ ಕೆಮಿಸ್ಟ್ರಿ ಲ್ಯಾಬಿನ ವಾಟರ್ ಬಾತ್ ಕೂಡ ಬೀಪ್ ಅನ್ನುತ್ತಲೇ ಇತ್ತು. ಕಾರ್ಡ್ ಸೀಳಿ ನೋಡಿದರೆ ಹಸಿರು ಅರ್ಥ್ ವೈರಿನಲ್ಲಿ ಉಳಿದಿದ್ದದ್ದು ಎರಡೋ ಮೂರೋ ಎಳೆ. ಮೀಟರಿಗೆ ಅಷ್ಟೇ ಸಾಕು, ಅದು ಕಳಿಸುವುದೇ ಮಿಲಿ ಆಂಪಿಯರ್ ಲೆಕ್ಕದ ಕರೆಂಟ್. ಲೈನ್ ವೈರ್ ಸಾಧನದ ಲೋಹದ ಬಾಡಿಗೆ ತಾಗಿದ ದಿನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಬೀಳುವುದಕ್ಕೂ ಮೊದಲು ಆ ಎಳೆಗಳೇ ಸುಟ್ಟುಹೋದರೆ, ಬಾಡಿ ಪೂರ್ತಿ ಲೈವ್.

ಸಾಧನಗಳ ಪರೀಕ್ಷೆಗೆ ಹೊರಗಿನ ಏಜೆನ್ಸಿಯವರಿಂದ ರೇಟ್ ತರಿಸಿದ್ದೆವು. ಒಂದೊಂದು ಸಾಧನಕ್ಕೆ ಸುಮಾರು ₹150, ಸ್ಟಿಕ್ಕರ್, ಓಡಾಟ ಬೇರೆ. ಎರಡು ಲ್ಯಾಬ್ ಸೇರಿ ನೂರು ಚಿಲ್ಲರೆ ಸಾಧನ; ವರ್ಷವರ್ಷವೂ ₹16-17 ಸಾವಿರ ಯಾರು ಕೊಡುತ್ತಾರೆ? ಆಡಳಿತ ಮಂಡಳಿಯವರು ಪ್ರಿಂಟರ್ ಮೊದಲು ಅಂದರು. ಸ್ವಂತಕ್ಕೆ ಪಾಟ್ ಟೆಸ್ಟರ್ (ಪ್ಲಗ್ ಹಾಕುವ ಸಾಧನಗಳ ಸುರಕ್ಷತೆ ಪರೀಕ್ಷಿಸುವ ಯಂತ್ರ) ಕೇಳಿದರೆ ಲಕ್ಷದ ಹತ್ತಿರದ ಕೊಟೇಶನ್ ಬಂತು, ಅದನ್ನು ಆಫೀಸಿಗೆ ತೋರಿಸುವ ಧೈರ್ಯವೂ ಆಗಲಿಲ್ಲ.

ಕೊನೆಗೆ ಮುಂಬೈಯ ಲೋಹಾರ್ ಚಾಳದಲ್ಲಿ 500 ವೋಲ್ಟಿನ ಡಿಜಿಟಲ್ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್), ಚೌಕಾಸಿ ಮಾಡಿ ₹4,500ರ ಆಸುಪಾಸು. ಯುಪಿಎಸ್‌ಗೆ ಹಾಕುವ 12 ವೋಲ್ಟ್ 7 ಎಎಚ್ ಬ್ಯಾಟರಿ ₹900 ಇರಬೇಕು. ಲ್ಯಾಮಿಂಗ್ಟನ್ ರೋಡಿನಿಂದ ದಪ್ಪ ಕ್ಲಿಪ್ಪುಗಳು. 55 ವ್ಯಾಟಿನ ಹೆಡ್‌ಲೈಟ್ ಬಲ್ಬ್ ಗ್ಯಾರೇಜಿನವನು ಪುಕ್ಕಟೆ ಕೊಟ್ಟ.

ಜೋಡಣೆ ಇಷ್ಟೇ. ಪ್ಲಗ್ ಗೋಡೆಯಿಂದ ಹೊರಗೆ. ಬ್ಯಾಟರಿ, ಬಲ್ಬ್, 10 ಆಂಪಿಯರ್ ರೇಂಜಿನ ಮೀಟರ್, ಪ್ಲಗ್ಗಿನ ಅರ್ಥ್ ಪಿನ್, ಸಾಧನದ ಬಾಡಿ, ವಾಪಸ್ ಬ್ಯಾಟರಿ. ಬಲ್ಬಿನಿಂದಾಗಿ ಕರೆಂಟ್ ನಾಲ್ಕೂವರೆ ಆಂಪಿಯರಿನ ಹತ್ತಿರ ನಿಲ್ಲುತ್ತದೆ. ಇನ್ನೊಂದು ಮೀಟರಿನಲ್ಲಿ ಪಿನ್ನಿನಿಂದ ಬಾಡಿಗೆ ಎಷ್ಟು ಮಿಲಿವೋಲ್ಟ್ ಅಂತ ನೋಡುವುದು. 450 ಬಂದರೆ 0.1 ಓಮ್. ಒಂದೂವರೆ ಮೀಟರಿನ 0.75 ಚದರ ಮಿಮೀ ಕಾರ್ಡಿಗೇ 0.04 ಓಮ್ ಹೋಗುತ್ತದೆ, ಹಾಗಾಗಿ ಒಳ್ಳೆಯ ಸಾಧನಕ್ಕೆ 200ರ ಹತ್ತಿರ ಬರಬೇಕು. ಬ್ರಿಟನ್ನಿನವರ ಮಿತಿಯೂ 0.1 ಓಮ್, ಕಾರ್ಡಿನದ್ದು ಮೇಲೆ ಸೇರಿಸಿ. ಅವರ ಪಟ್ಟಿಯಲ್ಲಿ ಪ್ಲಗ್ಗಿನ ಫ್ಯೂಸ್ ನೋಡಿ ಅಂತಲೂ ಇದೆ. ನಮ್ಮ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಫ್ಯೂಸೇ ಇಲ್ಲ, ಆ ಸಾಲು ಹೊಡೆದುಹಾಕಿದೆ.

ಮೊದಲಿಗೆ ಏನೂ ಸರಿಹೋಗಲಿಲ್ಲ. ಲ್ಯಾಬಿನ ಎಲಿಮಿನೇಟರಿನಿಂದ (ಬ್ಯಾಟರಿ ಬದಲು ಡಿಸಿ ಕೊಡುವ ಪೆಟ್ಟಿಗೆ) ಪ್ರಯತ್ನಿಸಿದಾಗ ಎರಡು ಆಂಪಿಯರ್ ದಾಟುತ್ತಿದ್ದಂತೆ ವೋಲ್ಟೇಜ್ ಕುಸಿಯಿತು. ಬ್ಯಾಟರಿ ತಂದ ಮೇಲೆ ರೀಡಿಂಗ್ ಒಮ್ಮೆ 300, ಇನ್ನೊಮ್ಮೆ 900. ಕರೆಂಟ್ ಕೊಡುವ ಕ್ಲಿಪ್ಪಿಗೇ ಮೀಟರಿನ ಕಡ್ಡಿ ತಾಗಿಸಿದರೆ ಕ್ಲಿಪ್ ಕಚ್ಚಿದ ಜಾಗದ ರೆಸಿಸ್ಟೆನ್ಸೂ ಲೆಕ್ಕಕ್ಕೆ ಬರುತ್ತದೆ. ಕಡ್ಡಿಯನ್ನು ನೇರ ಪಿನ್ನಿಗೆ, ನೇರ ಬಾಡಿಗೆ ಒತ್ತಿ ಹಿಡಿದ ಮೇಲೆ ಅಂಕಿ ನಿಂತಿತು. ಕಪ್ಪಾದ ಹಿತ್ತಾಳೆ ಪಿನ್ನಿಗೆ ಪಾಲಿಶ್ ಪೇಪರ್. ಪೇಂಟ್ ಹೊಡೆದ ಬಾಡಿಯನ್ನು ಕೆರೆಯದೆ ಲೋಹ ಹಿಡಿಯುವ ಕ್ಲಿಪ್ ಒಂದು ಮಾಡಿಕೊಂಡಿದ್ದೇನೆ, ಅದು ಹೇಗೆ ಅಂತ ಮಾತ್ರ ಹೇಳುವುದಿಲ್ಲ.

ನಮ್ಮ ಇಲೆಕ್ಟ್ರಿಷಿಯನ್ ಇದನ್ನು ನೋಡಿ ನಕ್ಕಿದ್ದ. "ಸರ್, ಬೀಪ್ ತೋ ಆ ರಹಾ ಹೈ!" (ಬೀಪ್ ಬರುತ್ತಿದೆಯಲ್ಲ!) ಹಾಟ್ ಪ್ಲೇಟಿನ ಕಾರ್ಡ್ ಬಾಡಿಯೊಳಗೆ ಹೋಗುವ ಜಾಗದಲ್ಲಿ ಬಗ್ಗಿಸು ಅಂದೆ. ಬಗ್ಗಿಸಿದ ಕೂಡಲೇ ಬಲ್ಬ್ ಮಂಕಾಯಿತು, ಬಿಟ್ಟರೆ ಉರಿಯಿತು. ಮತ್ತೆ ಮತ್ತೆ ಬಗ್ಗಿಸಿ ನೋಡಿದ. ಮರುದಿನ ಬಂದವನೇ ನನ್ನ ಬ್ಯಾಟರಿ ಕೇಳಿದ, ಇನ್ನೊಂದು ಬಿಲ್ಡಿಂಗಿನಲ್ಲಿ ಕೆಲಸ ಇದೆಯಂತೆ. ಕಾರ್ಡ್ ಮುರಿಯುವುದು ಯಾವಾಗಲೂ ಅಲ್ಲೇ, ಇಲ್ಲವಾದರೆ ಪ್ಲಗ್ಗಿನ ಬುಡದಲ್ಲಿ. ನಡುವೆ ಮುರಿದದ್ದು ನಾನಂತೂ ಕಂಡಿಲ್ಲ.

ಮೆಗ್ಗರಿನದ್ದು ಬೇರೆ ಕಥೆ. ಲೈನ್, ನ್ಯೂಟ್ರಲ್ ಒಟ್ಟಿಗೆ ಕಟ್ಟಿ ಬಾಡಿಗೆ ಅಳೆಯುವುದು; ಅರ್ಥ್ ಇರುವ ಸಾಧನಕ್ಕೆ ಕನಿಷ್ಠ 1 ಮೆಗಾಓಮ್, ಅರ್ಥ್ ವೈರ್ ಬೇಡದ ಡಬಲ್ ಇನ್ಸುಲೇಶನ್ ಸಾಧನವಾದರೆ 2. ಮೇ ತಿಂಗಳಲ್ಲಿ ವಾಟರ್ ಬಾತುಗಳೆಲ್ಲ ನೂರರ ಮೇಲೆ ತೋರಿಸಿದ್ದವು. ಜುಲೈಯಲ್ಲಿ ಅವೇ ಕಾಲು, ಅರ್ಧ ಮೆಗಾಓಮಿಗೆ ಇಳಿದವು. ಹೀಟರ್ ಕೊಳವೆಯೊಳಗಿನ ಮೆಗ್ನೀಸಿಯಂ ಆಕ್ಸೈಡ್ ಪುಡಿ ಮುಂಬೈ ಮಳೆಗಾಲದ ತೇವವನ್ನು ಹಪ್ಪಳದ ಹಾಗೆ ಎಳೆದುಕೊಳ್ಳುತ್ತದೆ. ಆಗ ಹೊಸ ಬೋರ್ಡಿನ ಆರ್‌ಸಿಸಿಬಿ (ಕರೆಂಟ್ ಅರ್ಥಿಗೆ ಸೋರಿದರೆ ಬೀಳುವ ಸ್ವಿಚ್) ದಿನಾ ಬೀಳುತ್ತಿತ್ತು. 30 ಮಿಲಿ ಆಂಪಿಯರ್ ಅಂತ ಬರೆದಿದ್ದರೂ 15 ದಾಟಿದ ಮೇಲೆ ಎಲ್ಲಿ ಬೇಕಾದರೂ ಬೀಳಬಹುದು; ಉಳಿದ ಸಾಧನಗಳ ಸೋರಿಕೆಗೆ ನಾಲ್ಕೈದು ತೇವದ ಹೀಟರುಗಳದ್ದೂ ಕೂಡಿದರೆ ಮುಗಿಯಿತು. 100 ಮಿಲಿಯದ್ದು ಹಾಕಿಬಿಡೋಣ ಎಂಬ ಸಲಹೆ ಬಂತು. ನಾನು ಒಪ್ಪಲಿಲ್ಲ, ಮಕ್ಕಳ ಜೀವ ಕಾಯುವುದು ಆ 30ರದ್ದೇ. ಎಲಿಮೆಂಟ್ ಬಿಚ್ಚಿ ನಮ್ಮದೇ ಹಾಟ್ ಏರ್ ಓವನ್‌ನಲ್ಲಿ 110 ಡಿಗ್ರಿಯಲ್ಲಿ ಇಡೀ ದಿನ ಇಟ್ಟೆ. ಮತ್ತೆ ಮೂವತ್ತು, ನಲವತ್ತು ಮೆಗಾಓಮ್. ತುದಿಯ ಸೀಲಿಗೆ ಹಚ್ಚಿದ್ದು ಏನು ಅಂತ ಇನ್ನೂ ಪರೀಕ್ಷೆಯಲ್ಲಿದೆ, ಒಂದು ಮಳೆಗಾಲ ಕಳೆಯಲಿ.

ಇದರ ನಡುವೆ ಬಯಾಲಜಿ ಮೇಡಂ ಅವರ ಬೀರುವಿನ ಮೇಲೆ ಕಣ್ಣು ಬಿತ್ತು. ಮೈಕ್ರೋಸ್ಕೋಪ್ ಲೆನ್ಸಿಗೆ ಬೂಸ್ಟು ಹಿಡಿಯದಿರಲಿ ಅಂತ ಒಳಗೆ 40 ವ್ಯಾಟಿನ ಬಲ್ಬ್ ಉರಿಸುತ್ತಾರೆ. ನಮ್ಮ ಎರಡು ಎಲಿಮಿನೇಟರ್ ಅಲ್ಲಿಟ್ಟು, ಎರಡನ್ನು ಹೊರಗೆ ಬಿಟ್ಟೆ. ಆಗಸ್ಟಿನಲ್ಲಿ ಅಳೆದಾಗ ಬೀರುವಿನವು ನೂರರ ಮೇಲೆ, ಹೊರಗಿನವು ಹತ್ತಿಪ್ಪತ್ತು. ಈಗ ನಮಗೂ ಅಂಥದೊಂದು ಬೀರು ಬೇಕು ಅಂತ ಅರ್ಜಿ ಹಾಕಿದ್ದೇನೆ.

ಸರ್ಜ್ ತಡೆಯುವ ವೇರಿಸ್ಟರ್ ಇರುವ ಎಕ್ಸ್‌ಟೆನ್ಶನ್ ಬೋರ್ಡಿಗೆ 500 ವೋಲ್ಟ್ ಕೊಟ್ಟರೆ ಕೆಲವೊಮ್ಮೆ ಸುಳ್ಳು ರೀಡಿಂಗ್ ಬರುತ್ತದೆ; 250ಕ್ಕೆ ಇಳಿಸಿ ಅಳೆಯಿರಿ, ಇಲ್ಲದಿದ್ದರೆ ಒಳ್ಳೆಯ ಬೋರ್ಡು ಗುಜರಿಗೆ ಹೋಗುತ್ತದೆ. ಎಲ್ಲ ಸೇರಿ ಖರ್ಚು ₹6,000 ಮುಟ್ಟಲಿಲ್ಲ. ನೂರು ಚಿಲ್ಲರೆಯಲ್ಲಿ ಕಾರ್ಡ್ ಬದಲಿಸಿದ್ದು ಹದಿನೈದಿಪ್ಪತ್ತು, ಪೂರ್ತಿ ತೆಗೆದುಹಾಕಿದ್ದು ಮೂರ್ನಾಲ್ಕು. ಅರ್ಥ್ ಪಿನ್ ಕತ್ತರಿಸಿ ಎರಡು ಪಿನ್ ಸಾಕೆಟಿಗೆ ಹಾಕುತ್ತಿದ್ದ ಹಳೆಯ ಸೆಂಟ್ರಿಫ್ಯೂಜೂ ಅದರಲ್ಲಿ ಒಂದು. ಸೋಡಿಯಂ ಲ್ಯಾಂಪಿನ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ ಮಾತ್ರ ಇನ್ನೂ 0.8 ಮೆಗಾಓಮ್ ದಾಟುತ್ತಿಲ್ಲ. ಕೆಂಪು ಚೀಟಿ ಅಂಟಿಸಿ ಬೀಗ ಹಾಕಿದ್ದೇನೆ. ಫೆಬ್ರುವರಿಯ ಪ್ರಾಕ್ಟಿಕಲ್ ಒಳಗೆ ಸರಿಯಾಗದಿದ್ದರೆ ಹೊಸದು ತರಿಸಬೇಕು.