ಗುಡಿಸೋದು ಬಿಟ್ಟ ಮೇಲೆ ನಿಂತ ದಿಬ್ಬ

ನಾನು ಅಂಕೋಲೆ ಕಡೆಯವನು. ದಕ್ಷಿಣ ಗೋವಾದ ಬಾಣಾವಲಿಯಲ್ಲಿ ಕಡಲ ಪಕ್ಕದ ಒಂದು ಗೆಸ್ಟ್‌ಹೌಸಿನ ತೋಟ ನೋಡಿಕೊಳ್ಳುತ್ತೇನೆ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಎದುರಿನ ಉಸುಕಿನ ದಿಬ್ಬದ ಮೇಲಿದ್ದ ಬಂಗಡೆ ಬಳ್ಳಿಯನ್ನು ವರ್ಷಗಟ್ಟಲೆ ಕಿತ್ತು ಹಾಕಿದವನು ನಾನೇ. ಧನಿಗೆ ಬೇಲೆ, ಅಂದರೆ ಕಡಲ ದಂಡೆ, ಚೊಕ್ಕವಾಗಿ ಕಾಣಬೇಕಿತ್ತು. ಮಳೆ ಮುಗಿದ ಕೂಡಲೇ ಗುಡಿಸಿ ಕೊಡುತ್ತಿದ್ದೆ.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಗೋವಾದ ಹತ್ತಿರವೇ ಹಾದುಹೋಯಿತಲ್ಲ, ಆಗ ನಮ್ಮ ದಿಬ್ಬವನ್ನು ಅಲೆಗಳು ಸೊಂಟದೆತ್ತರಕ್ಕೆ ಕೊಯ್ದು ಹಾಕಿದ್ದವು. ನಾಲ್ಕು ಗಾಳಿ ಮರಗಳು ಬುಡಸಮೇತ ಮಲಗಿದ್ದವು. ಪಕ್ಕದಲ್ಲೊಂದು ಪಾಳು ಜಾಗ ಇದೆ, ಅಲ್ಲಿ ಗುಡಿಸುವವರೇ ಇಲ್ಲ. ಬಳ್ಳಿ, ರಾವಣನ ಮೀಸೆ ಹುಲ್ಲು ಎಲ್ಲ ತಮ್ಮ ಪಾಡಿಗೆ ಬೆಳೆದಿದ್ದವು. ಅಲ್ಲಿ ದಿಬ್ಬದ ಬುಡ ಸ್ವಲ್ಪ ಸವೆದಿತ್ತು, ಅಷ್ಟೇ.

ಆ ಜೂನ್‌ನಲ್ಲಿ ಮೊದಲ ಮಳೆ ಬಿದ್ದ ಮೇಲೆ ಅಲ್ಲಿಂದಲೇ ಬಳ್ಳಿ ತಂದೆ. ಒಂದೇ ಕಡೆ ಬೋಳು ಮಾಡದೆ ಅಲ್ಲೊಂದು ಇಲ್ಲೊಂದು ಕತ್ತರಿಸಿದೆ. ಮೊಳದುದ್ದದ ತುಂಡು, ಮೂರ್ನಾಲ್ಕು ಗೆಣ್ಣು ಉಸುಕಿನೊಳಗೆ, ತುದಿ ಮಾತ್ರ ಹೊರಗೆ. ಜೊತೆಗಿದ್ದ ಬಾಗಲಕೋಟೆಯ ಹುಡುಗ ನಕ್ಕ: "ಅಣ್ಣಾ, ಹೋದ ವರ್ಷ ಕೀಳಾಕ ಪಗಾರ ಕೊಟ್ರಿ, ಈ ವರ್ಷ ಹಚ್ಚಾಕ ಕೊಡ್ತೀರಿ!" ನಗಲಿ ಬಿಡಿ, ಸರಿಯಾಗೇ ಹೇಳಿದ್ದ.

ಆ ಮಳೆಗಾಲಕ್ಕೇ ಮುಂದಿನ ಎರಡು ಸಾಲು ಕಡಲ ಪಾಲಾಯಿತು. ನೀರಿಗೆ ತೀರಾ ಹತ್ತಿರ ನೆಟ್ಟಿದ್ದೆ. ಮಳೆಗಾಲದ ದೊಡ್ಡ ಉಬ್ಬರ ಕಸ ತಂದು ಬಿಡುವ ಗೆರೆ ಇರುತ್ತದೆ ನೋಡಿ, ಅದಕ್ಕಿಂತ ಮೇಲಕ್ಕೆ, ದಿಬ್ಬದ ಕಡೆಗೆ ನೆಡಬೇಕು. ಮರುವರ್ಷ ಹಾಗೆ ಮಾಡಿದೆ, ರಾವಣನ ಮೀಸೆಯ ಬೇರು ಬಿಟ್ಟ ಕುಡಿಗಳನ್ನೂ ಸೇರಿಸಿದೆ. ಅದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಸೂಜಿ ಚುಚ್ಚಿದ ಹಾಗೆ ಚುಚ್ಚುತ್ತದೆ. ಒಣಗಿದ ತೆಂಗಿನ ಗರಿಗಳನ್ನು ಮೊಣಕಾಲೆತ್ತರಕ್ಕೆ ನೆಟ್ಟು ಸಂದುಸಂದಾಗಿ ಬೇಲಿ ಕಟ್ಟಿದೆ. ಬೇಲಿಗೋ ಎಲೆಗೋ ತಾಗಿ ಗಾಳಿಯ ವೇಗ ತಗ್ಗಿದರೆ ಹೊತ್ತು ತಂದ ಉಸುಕು ಅಲ್ಲೇ ಬೀಳುತ್ತದೆ. ಬೇರೆ ಗಿಡವಾದರೆ ಹೂತುಹೋಗಿ ಸಾಯುತ್ತದೆ, ಇವು ಉಸುಕು ಬಿದ್ದಷ್ಟೂ ಮೇಲಕ್ಕೆ ಬರುತ್ತವೆ. ಮಳೆಗಾಲದಲ್ಲಿ ಅಲೆ ಎಳೆದುಕೊಂಡು ಹೋದ ಉಸುಕು ಅಕ್ಟೋಬರ್ ನಂತರ ನಿಧಾನಕ್ಕೆ ದಡಕ್ಕೆ ಬರುತ್ತದೆ, ಅದನ್ನು ಹಿಡಿದಿಡೋಕೆ ಯಾರಾದರೂ ಬೇಕಲ್ವಾ?

ನಿಜ ಹೇಳಬೇಕೆಂದರೆ ನೆಡುವುದಕ್ಕಿಂತ ಜನರ ಕಾಲು ತಡೆಯೋದೇ ಜಾಸ್ತಿ ಕಷ್ಟ. ಗೆಸ್ಟುಗಳು ಬಳ್ಳಿ ತುಳಿದುಕೊಂಡೇ ಇಳಿಯುತ್ತಿದ್ದರು. ಕೊನೆಗೆ ಒಂದೇ ದಾರಿ ಬಿಟ್ಟೆ, ಅದನ್ನೂ ಓರೆಯಾಗಿ. ಮೊದಲಿದ್ದ ನೇರ ದಾರಿಯಲ್ಲಿ ಗಾಳಿ ನುಗ್ಗಿ ದಿಬ್ಬವನ್ನೇ ಸೀಳುತ್ತಿತ್ತು. ಧನಿ ಒಂದು ತಿಂಗಳು ಮುಖ ಗಂಟಿಕ್ಕಿಕೊಂಡಿದ್ದರು. ಬಳ್ಳಿ ನೇರಳೆ ಬಣ್ಣದ ಹೂವು ಬಿಟ್ಟ ಮೇಲೆ ಗೆಸ್ಟುಗಳೇ ಫೋಟೋ ತೆಗೆಯತೊಡಗಿದರು, ಧನಿಯೂ ಸುಮ್ಮನಾದರು.

ಒಂದು ಮಾತು, ದಿಬ್ಬಗಳು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಕಾನೂನಿಗೆ ಒಳಪಡುತ್ತವೆ. ಮಟ್ಟ ಮಾಡೋದು, ಉಸುಕು ತೆಗೆಯೋದು ಬೇಡವೇ ಬೇಡ. ಬಳ್ಳಿ ನೆಡೋಕೂ ಮೊದಲು ಪಂಚಾಯತಿಯಲ್ಲಿ ಕೇಳಿಕೊಳ್ಳಿ. ಮತ್ತೆ, ಬಳ್ಳಿಯೇನು ಮಂತ್ರ ಅಲ್ಲ. ನದಿ ಬಾಯಿ ಜಾಗ ಬದಲಿಸುತ್ತಿರುವ ಕಡೆ, ಉಸುಕೇ ಬರದ ಕಡೆ ಇದು ನಿಲ್ಲಲ್ಲ.

ನಮ್ಮಲ್ಲಿ ಮೊದಲು ಕಟ್ಟಿದ ಬೇಲಿ ಈಗ ಕಾಣೋದೇ ಇಲ್ಲ, ಉಸುಕಿನೊಳಗೆ ಹೂತುಹೋಗಿದೆ. ಅದರ ಮೇಲೇ ಇನ್ನೊಂದು ಕಟ್ಟಿದ್ದೇನೆ. ಬಿದ್ದ ಗಾಳಿ ಮರಗಳ ಜಾಗದಲ್ಲಿ ಲಕ್ಕಿ ಗಿಡ ಹಾಕಿದ್ದೇನೆ, ಅದರ ಹಿಂದೆ ಎರಡು ಸುರಹೊನ್ನೆ ಸಸಿ. ಒಂದನ್ನು ದನ ತಿಂದುಬಿಟ್ಟಿತು.