ರೇಂಜ್ ಸಿಗದ ಊರಿನ ಕಾಲೇಜಿನಲ್ಲಿ ಮೊಬೈಲ್: ನನ್ನ ಅನುಭವ

ದಕ್ಷಿಣ ಕೊಡಗಿನ ಪದವಿ ಕಾಲೇಜೊಂದರಲ್ಲಿ ನಾನು ಭೂಗೋಳ ಪಾಠ ಮಾಡುತ್ತೇನೆ. ನಮ್ಮ ಮಕ್ಕಳು ಬರುವುದು ಮಾಲ್ದಾರೆ, ತಿತಿಮತಿ, ಸಿದ್ದಾಪುರ, ಬಾಳೆಲೆ, ಶ್ರೀಮಂಗಲದ ಕಡೆಗಳಿಂದ. ಬಸ್ಸಿಳಿದ ಮೇಲೂ ತೋಟದೊಳಗೆ ನಡೆಯುವ ದಾರಿ ಬಾಕಿ ಇರುತ್ತದೆ. ಜೂನ್ ಬಂತೆಂದರೆ ಕರೆಂಟು ಹೋಗುತ್ತದೆ. ಕರೆಂಟು ಹೋಗಿ ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಮುಗಿದು ರೇಂಜ್ ಹೋಗುತ್ತದೆ. ಕಾಲೇಜಿಗೆ ಮೊಬೈಲ್ ತರಬಹುದೇ, ಬಾರದೇ ಎಂದು ಸಭೆಗಳಲ್ಲಿ ಮಾತಾಡುವಾಗ ನನಗೆ ಕಾಡುವುದು ಬೇರೆ ವಿಷಯ. ಫೋನು ಹೇಗೂ ಮಕ್ಕಳ ಬ್ಯಾಗಿನಲ್ಲಿದೆ. ಮಳೆಗಾಲದ ಕೆಟ್ಟ ದಿನದಲ್ಲಿ ಅದು ಅವರ ಉಪಯೋಗಕ್ಕೆ ಬರಬೇಕಾದರೆ ಒಳ್ಳೆಯ ದಿನಗಳಲ್ಲೇ ರೂಢಿ ಮಾಡಿಸಬೇಕು.

ನಾನು ಶುರು ಮಾಡಿದ್ದು ಮಳೆಯ ಲೆಕ್ಕದಿಂದ. ಕೊಡಗಿನಲ್ಲಿ ಸ್ವಲ್ಪ ತೋಟವಿರುವ ಮನೆಯಲ್ಲೂ ಮಳೆಮಾಪಕ ಇರುತ್ತದೆ. ಬೆಳಿಗ್ಗೆ ಎದ್ದು ಅಜ್ಜನೋ ಎಸ್ಟೇಟಿನ ಲೆಕ್ಕ ಬರೆಯುವ ರೈಟರೋ ಅದರ ನೀರನ್ನು ಅಳತೆ ಗ್ಲಾಸಿಗೆ ಸುರಿದು, ಇಷ್ಟು ಇಂಚು ಇಷ್ಟು ಸೆಂಟ್ ಎಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ನೂರು ಸೆಂಟ್ ಅಂದರೆ ಒಂದು ಇಂಚು. ಇಷ್ಟು ಒಳ್ಳೆಯ ಪ್ರಯೋಗಶಾಲೆ ಮನೆಮನೆಯಲ್ಲಿ ಇರುವಾಗ ಪುಸ್ತಕದ ನಕ್ಷೆ ತೋರಿಸಿ ಮಳೆಯ ಹಂಚಿಕೆ ಪಾಠ ಮಾಡುವುದೇಕೆ?

ಲೈನ್ ಮನೆಯ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳ, ಮಕ್ಕಳ ಬಳಿ ಮಾಪಕ ಇರುವುದಿಲ್ಲ. ಅವರಿಗೆ ತಂಪು ಪಾನೀಯದ ದೊಡ್ಡ ಬಾಟಲಿಯಿಂದ ಮಾಡಿಕೊಳ್ಳಲು ಹೇಳಿಕೊಟ್ಟೆ. ಮೇಲಿನ ಭಾಗ ಕತ್ತರಿಸಿ ಅದನ್ನೇ ತಲೆಕೆಳಗಾಗಿ ಆಲಿಕೆಯಂತೆ ಕೂರಿಸಬೇಕು. ಬಾಟಲಿಯ ತಳ ಸಮ ಇರುವುದಿಲ್ಲ, ಆದ್ದರಿಂದ ತಳಕ್ಕೆ ಸಣ್ಣ ಕಲ್ಲು ತುಂಬಿ, ಗೋಡೆ ನೇರವಾಗುವ ಮಟ್ಟದವರೆಗೆ ನೀರು ಹಾಕಿ ಅಲ್ಲೊಂದು ಗೆರೆ ಎಳೆಯಬೇಕು. ಆ ಗೆರೆಯೇ ಸೊನ್ನೆ. ಪಕ್ಕಕ್ಕೆ ಸ್ಕೇಲ್ ಅಂಟಿಸಿದರೆ ಆಯಿತು. ಮರದ ಕೆಳಗೆ ಇಡಬಾರದು, ಮಾಡಿನ ನೀರು ತಾಗಬಾರದು. ಹವಾಮಾನ ಇಲಾಖೆಯ ದಿನದ ಲೆಕ್ಕ ಬೆಳಿಗ್ಗೆ ಎಂಟೂವರೆಯಿಂದ ಎಂಟೂವರೆಗೆ. ನಮ್ಮ ಮಕ್ಕಳು ಅಷ್ಟು ಹೊತ್ತಿಗೆ ಬಸ್ಸಿನಲ್ಲಿರುತ್ತಾರೆ. ಆರೂವರೆಗೆ ಅಳೆದರೂ ಅಡ್ಡಿಯಿಲ್ಲ, ದಿನಾ ಅದೇ ಹೊತ್ತಿಗೆ ಅಳೆಯಲಿ ಎಂದೆ.

ಲೆಕ್ಕ ಕಳುಹಿಸುವುದು ಎಸ್ಸೆಮ್ಮೆಸ್‌ನಲ್ಲಿ. ಮೊದಲು ಊರು, ಆಮೇಲೆ ಇಂಚು, ಸೆಂಟ್. ಇಷ್ಟೇ. ವಾಟ್ಸಾಪ್ ಎಂದು ನಾನು ಹೇಳದಿರಲು ಕಾರಣವಿದೆ. ರೇಂಜ್ ಒಂದು ಗೆರೆಗೆ ಇಳಿದಾಗ ವಾಟ್ಸಾಪ್ ಸಂದೇಶದ ಪಕ್ಕದಲ್ಲಿ ಆ ಪುಟ್ಟ ಗಡಿಯಾರದ ಗುರುತು ಹಾಗೇ ನಿಂತುಬಿಡುತ್ತದೆ, ಎಸ್ಸೆಮ್ಮೆಸ್ ಮಾತ್ರ ಹೇಗೋ ದಾಟಿ ಹೋಗುತ್ತದೆ. ಅದಕ್ಕೆ ಡೇಟಾ ಬೇಕಿಲ್ಲ. ಇನ್ನೊಂದು ಲಾಭವೂ ಇದೆ: ಕೀಪ್ಯಾಡ್ ಫೋನು ಮಾತ್ರ ಇರುವ ಹುಡುಗಿಯೂ ದುಬಾರಿ ಫೋನಿನ ಹುಡುಗನೂ ಈ ಕೆಲಸದಲ್ಲಿ ಸರಿಸಮ.

ಬಂದ ಲೆಕ್ಕವನ್ನು ತರಗತಿಯಲ್ಲಿ ಮಿಲಿಮೀಟರಿಗೆ ತಿರುಗಿಸುತ್ತೇವೆ. ಒಂದು ಇಂಚಿಗೆ 25.4 ಮಿ.ಮೀ. ಒಂದು ದಿನ 4 ಇಂಚು 60 ಸೆಂಟ್ ಎಂದು ಒಂದು ಮನೆಯಿಂದ ಬಂತು. ಗುಣಿಸಿದರೆ ಸುಮಾರು 117 ಮಿ.ಮೀ. ಹವಾಮಾನ ಇಲಾಖೆ 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ ಎನ್ನುತ್ತದೆ, 115.6 ಮುಟ್ಟಿದರೆ ಅತಿ ಭಾರಿ. "ಮೇಡಂ, ಹಾಗಾದರೆ ಆರೆಂಜ್ ಅಲರ್ಟ್ ಅಂತ ಟಿವಿಯಲ್ಲಿ ಹೇಳ್ತಾರಲ್ಲ, ಅದು ನಮ್ಮ ಅಂಗಳದ್ದೇ ಲೆಕ್ಕವಾ?" ಎಂದು ಆ ಮನೆಯ ಹುಡುಗ ಕೇಳಿದ. ಅಲರ್ಟ್ ಅಂದರೆ ಮುನ್ಸೂಚನೆ, ಅಂಗಳದ್ದು ನಿಜಕ್ಕೂ ಬಿದ್ದ ಮಳೆ, ಎರಡನ್ನೂ ಜೊತೆಗಿಟ್ಟು ನೋಡಬೇಕು ಎಂದು ಹೇಳುವುದರಲ್ಲಿ ಆ ಪೀರಿಯಡ್ ಪೂರ್ತಿ ಹೋಯಿತು. ಪಠ್ಯದ ಒಂದು ಅಧ್ಯಾಯಕ್ಕಿಂತ ಅದು ಹೆಚ್ಚು ಕಲಿಸಿತು ಎಂದು ಈಗಲೂ ನಂಬಿದ್ದೇನೆ.

ಒಂದೇ ದಿನದ ಮಳೆಗಿಂತ ಎಡೆಬಿಡದೆ ಸುರಿದ ಮಳೆಯ ಮೊತ್ತದ ಮೇಲೆ ಹೆಚ್ಚು ಕಣ್ಣಿಡುತ್ತೇವೆ. ಮಣ್ಣು ನೀರು ಕುಡಿದು ಕುಡಿದು ಭಾರವಾಗಿ, ಹಿಡಿತ ಸಡಿಲಗೊಂಡ ಮೇಲೆ ಗುಡ್ಡ ಜಾರುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರು, ಮೊಣ್ಣಂಗೇರಿ, ಜೋಡುಪಾಲದಲ್ಲಿ ಏನಾಯಿತು ಎಂಬುದನ್ನು ನಮ್ಮ ಜಿಲ್ಲೆಯ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮರುವರ್ಷ ವಿರಾಜಪೇಟೆ ಕಡೆಯ ತೋರ ಎಂಬ ಊರಿನಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮತ್ತೆ ಗುಡ್ಡ ಕುಸಿಯಿತು. ಹಾಗಾಗಿ ಇಳಿಜಾರಿನಲ್ಲಿ ಮನೆಯಿರುವ ಮಕ್ಕಳು ಮೂರು ದಿನದ ಮೊತ್ತವನ್ನು ಮನೆಯವರಿಗೂ ಹೇಳಬೇಕೆಂದು ಕಲಿಸಿದ್ದೇನೆ. ಅಂಗಳದಲ್ಲಿ ಹೊಸ ಬಿರುಕು, ಇದ್ದಕ್ಕಿದ್ದಂತೆ ಕೆಂಪಾದ ತೋಡಿನ (ಸಣ್ಣ ಹಳ್ಳದ) ನೀರು, ವಾಲಿದ ಮರ ಕಂಡರೆ ಫೋಟೊ ತೆಗೆಯುತ್ತಾ ನಿಲ್ಲಬಾರದು, ಮೊದಲು ಮನೆ ಬಿಟ್ಟು ಹೊರಡಬೇಕು, ಆಮೇಲೆ 1077ಕ್ಕೆ ಕರೆ ಮಾಡಬೇಕು. ಅದು ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ ಸಂಖ್ಯೆ.

ತೋಟಕ್ಕೆ ಬರುವ ಕಾಡಾನೆಯ ವಿಷಯಕ್ಕೆ ಬೇರೆ ಕಟ್ಟಳೆ. ಮಾಲ್ದಾರೆ, ಸಿದ್ದಾಪುರ ಕಡೆಯ ಮಕ್ಕಳು ತಮ್ಮ ದಾರಿಯ ಗುಂಪುಗಳನ್ನು ತಾವೇ ಮಾಡಿಕೊಂಡಿದ್ದಾರೆ. ಆನೆ ಕಂಡವರು ಮೂರು ಸಂಗತಿ ಹಾಕಬೇಕು: ಜಾಗ, ಹೊತ್ತು, ಯಾವ ಕಡೆ ಹೋಯಿತು. ಫೋಟೊ ಬೇಡ. ಫೋಟೊ ಕೇಳಿದರೆ ಯಾರೋ ಒಬ್ಬರು ತೆಗೆಯಲು ಹತ್ತಿರ ಹೋಗುತ್ತಾರೆ. ತೋಟದ ದಾರಿಯಲ್ಲಿ ಇಯರ್‌ಫೋನ್ ಕಿವಿಯಲ್ಲಿರಲೇಬಾರದು ಎಂಬುದರಲ್ಲಿ ನಾನು ಬಹಳ ಕಟ್ಟುನಿಟ್ಟು. ಕಾಫಿ ಗಿಡಗಳ ನಡುವೆ ಆನೆ ನಿಂತಿದ್ದರೆ ಕಾಣುವುದಿಲ್ಲ, ಕೊಂಬೆ ಮುರಿಯುವ ಸದ್ದೇ ಮೊದಲ ಸುಳಿವು. ಬೆಳಕಿಗೆ ಬೇರೆ ಟಾರ್ಚ್ ಇರಲಿ, ಫೋನಿನ ಬ್ಯಾಟರಿ ಮಾತಾಡಲು ಉಳಿಯಲಿ.

ಪ್ರತಿವರ್ಷ ಮೊದಲ ಸೆಮಿಸ್ಟರಿನವರಿಗೆ ಒಂದು ಅಭ್ಯಾಸ ಮಾಡಿಸುತ್ತೇನೆ. ಇಬ್ಬರನ್ನು ಬೆನ್ನಿಗೆ ಬೆನ್ನು ಮಾಡಿ ಕೂರಿಸುವುದು. ಒಬ್ಬರು ತುರ್ತು ಸಹಾಯದ ಸಂಖ್ಯೆ 112ರ ಸಿಬ್ಬಂದಿ, ಇನ್ನೊಬ್ಬರು ಕರೆ ಮಾಡುವವರು. ತಾನಿರುವ ಜಾಗವನ್ನು ಕರೆ ಮಾಡಿದವರು ಬಾಯಲ್ಲೇ ಹೇಳಬೇಕು.

"ಎಲ್ಲಿದ್ದೀರಿ?"
"ತೋಟದಲ್ಲಿ, ಸರ್."
"ಯಾವ ತೋಟ?"
"ನಮ್ಮ ಊರಿನ ಹತ್ತಿರದ್ದು."

ಶುರುವಿನಲ್ಲಿ ಎಲ್ಲರೂ ಹೀಗೇ ಹೇಳುವುದು. ಸ್ವಲ್ಪ ಹೊತ್ತಿನ ನಂತರ ಎಸ್ಟೇಟಿನ ಹೆಸರು, ಯಾವ ಗೇಟು, ಮುಖ್ಯರಸ್ತೆಯಿಂದ ಎಷ್ಟು ದೂರ, ಹತ್ತಿರದ ಕೆರೆ ಅಥವಾ ಅಂಗಡಿ, ಎಲ್ಲವೂ ಒಂದೇ ಉಸಿರಿಗೆ ಬರುತ್ತದೆ. ಡೇಟಾ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ, ಅದು ಉಪಗ್ರಹದಿಂದ ಬರುವ ಸಂಕೇತ. ಮೊದಲೇ ನಕ್ಷೆಯನ್ನು ಆಫ್‌ಲೈನ್ ಇಳಿಸಿಕೊಂಡಿದ್ದರೆ ಅಕ್ಷಾಂಶ, ರೇಖಾಂಶ ನೋಡಿ ಓದಿ ಹೇಳಬಹುದು. ಅಕ್ಷಾಂಶ, ರೇಖಾಂಶದ ಪಾಠವೂ ಅಲ್ಲೇ ಆಗಿಹೋಗುತ್ತದೆ. ನಮ್ಮ ಸಿಮ್ಮಿಗೆ ರೇಂಜ್ ಇಲ್ಲದ ಕಡೆ ಬೇರೆ ಕಂಪನಿಯ ಟವರ್ ಸಿಕ್ಕರೂ 112 ಹೋಗುತ್ತದೆ. ಪರದೆಯ ಮೇಲೆ ತುರ್ತು ಕರೆ ಮಾತ್ರ ಎಂದು ಬರುವುದರ ಅರ್ಥ ಅದು. ಇದು ಗೊತ್ತಿಲ್ಲದವರು ಬಹಳ ಮಂದಿ ಇದ್ದಾರೆ.

ಹೆಣ್ಣುಮಕ್ಕಳ ಲೈವ್ ಲೊಕೇಶನ್ ಕಾಲೇಜಿನ ಗುಂಪಿಗೆ ಬರಲಿ ಎಂಬ ಸಲಹೆ ಒಮ್ಮೆ ಬಂದಿತ್ತು. ನಾನು ಒಪ್ಪಲಿಲ್ಲ. ಹುಡುಗಿ ಎಲ್ಲಿದ್ದಾಳೆ ಎಂಬುದು ನೂರಾರು ಜನರಿಗೆ ತಿಳಿಯುವುದು ರಕ್ಷಣೆ ಹೇಗಾಗುತ್ತದೆ? ಅಮ್ಮನಿಗೋ ಅಣ್ಣನಿಗೋ ಗೆಳತಿಗೋ, ತಾನು ನಂಬಿದ ಒಬ್ಬರಿಗೆ ಅವಳೇ ಕಳುಹಿಸಲಿ. ವಾಟ್ಸಾಪಿನಲ್ಲಿ 15 ನಿಮಿಷ, 1 ಗಂಟೆ, 8 ಗಂಟೆ ಎಂದು ಮೂರು ಆಯ್ಕೆ ಇವೆ. ಬಸ್ಸಿಳಿದು ಮನೆ ಸೇರಲು ಒಂದು ಗಂಟೆಯದು ಸಾಕು. ಕಾಲೇಜಿನ ಪ್ರಕಟಣೆಗಳನ್ನೂ ಗುಂಪಿನಿಂದ ಕಮ್ಯುನಿಟಿಗೆ ಬದಲಾಯಿಸಿದೆವು, ಅಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಅಪರಿಚಿತರ ಕರೆಗಳ ಕಾಟ ಕಡಿಮೆಯಾಯಿತು ಎಂದು ಹುಡುಗಿಯರೇ ಬಂದು ಹೇಳಿದರು.

ಮಳೆ ರಜೆಯ ಸುಳ್ಳು ಸಂದೇಶ ಪ್ರತಿ ಮಳೆಗಾಲದ ತಲೆನೋವು. ಹಳೆಯ ಆದೇಶದ ತಾರೀಖು ತಿದ್ದಿ ಬಿಡುತ್ತಾರೆ. ಜಿಲ್ಲಾಧಿಕಾರಿಗಳ ನಿಜವಾದ ಆದೇಶದಲ್ಲೂ ಎಷ್ಟೋ ಸಲ ರಜೆ ಅಂಗನವಾಡಿಯಿಂದ ಪಿಯು ಕಾಲೇಜಿನವರೆಗೆ ಮಾತ್ರ ಇರುತ್ತದೆ, ಪದವಿಯವರು ಬರಲೇಬೇಕು. ಈಗ ನಮ್ಮಲ್ಲಿ ಒಂದೇ ನಂಬರಿನಿಂದ, ಧ್ವನಿ ಸಂದೇಶದಲ್ಲಿ ಮಾತ್ರ ತಿಳಿಸುತ್ತೇವೆ. ಪರಿಚಿತ ದನಿ, ಅಂದಿನ ತಾರೀಖು. ಅದು ಬಾರದಿದ್ದರೆ ರಜೆಯಿಲ್ಲ. ಆದರೆ ತೋಡು ಉಕ್ಕಿ ದಾರಿ ಮುಚ್ಚಿದವರು ಬರಬೇಕಿಲ್ಲ, ಒಂದು ಎಸ್ಸೆಮ್ಮೆಸ್ ಹಾಕಿದರೆ ಸಾಕು.

ಹಾಗೆ ಮನೆಯಲ್ಲೇ ಉಳಿದವರಿಗೆ ಪಾಠವನ್ನು ಎಂಟು ಹತ್ತು ನಿಮಿಷದ ಆಡಿಯೊ ಮಾಡಿ ಕಳುಹಿಸುತ್ತೇನೆ. ವಿಡಿಯೊ ನಮ್ಮ ರೇಂಜಿಗೆ ಇಳಿಯುವುದಿಲ್ಲ. 2021ರಲ್ಲಿ ಸರ್ಕಾರ ಸರ್ಕಾರಿ ಪದವಿ ಕಾಲೇಜಿನ ಮಕ್ಕಳಿಗೆ ಟ್ಯಾಬ್ ಹಂಚಿದಾಗಲೂ ನಮ್ಮ ಕಡೆ ಕೊರತೆ ಇದ್ದದ್ದು ಸಿಗ್ನಲ್ಲಿನದು. ಲೈನ್ ಮನೆಗಳಲ್ಲಿ ಇಡೀ ಕುಟುಂಬಕ್ಕೆ ಒಂದೇ ಫೋನು, ಅಪ್ಪ ಕೆಲಸದಿಂದ ಬಂದ ಮೇಲೆ ರಾತ್ರಿ ಸಿಗುವುದು. ಆದ್ದರಿಂದ ಇಷ್ಟು ಗಂಟೆಯೊಳಗೆ ಉತ್ತರ ಕಳುಹಿಸಿ ಎಂದು ನಾನು ಯಾವತ್ತೂ ಹೇಳುವುದಿಲ್ಲ.

ಚಾರ್ಜಿನ ವಿಷಯ ಸಣ್ಣದು, ಆದರೆ ಅದಿಲ್ಲದೆ ಉಳಿದದ್ದು ಯಾವುದೂ ನಡೆಯುವುದಿಲ್ಲ. ಭೂಗೋಳ ಪ್ರಯೋಗಾಲಯದಲ್ಲಿ ಉದ್ದದ ಎಕ್ಸ್‌ಟೆನ್ಶನ್ ಬೋರ್ಡ್ ಹಾಕಿಸಿದ್ದೇವೆ, ಮಧ್ಯಾಹ್ನದ ಬಿಡುವಿನಲ್ಲಿ ಯಾರು ಬೇಕಾದರೂ ಚಾರ್ಜ್ ಮಾಡಿಕೊಳ್ಳಬಹುದು. ರೇಂಜ್ ಇಲ್ಲದ ಮನೆಯಲ್ಲಿ ಫೋನನ್ನು ಏರೋಪ್ಲೇನ್ ಮೋಡಿನಲ್ಲಿ ಇಡಲು ಹೇಳುತ್ತೇನೆ, ಟವರ್ ಹುಡುಕುತ್ತಾ ಇದ್ದರೆ ಬ್ಯಾಟರಿ ಬೇಗ ಮುಗಿಯುತ್ತದೆ. ಈ ವರ್ಷ ಮಕ್ಕಳು ಮನೆಯ ಹಳೆಯ ಮಳೆ ಪುಸ್ತಕಗಳ ಪುಟಗಳನ್ನು ಫೋನಿನಲ್ಲಿ ಫೋಟೊ ತೆಗೆದು ತರುತ್ತಿದ್ದಾರೆ. ಅಜ್ಜಂದಿರ ಕೈಬರಹ ಬಿಡಿಸಿ ಓದಿ, ತಿಂಗಳುವಾರು ಟೈಪ್ ಮಾಡುವ ಕೆಲಸ ನಡೆದಿದೆ. ಶ್ರೀಮಂಗಲ, ಬಾಳೆಲೆ ಕಡೆಯದು ಬಂದಾಗಿದೆ, ಮಾಲ್ದಾರೆಯದು ಬರಬೇಕು.