ಗೋಬರ್ ಗ್ಯಾಸಿಗೆ ಜಾಗ ಹುಡುಕಿದ ಕಥೆ

ನಮ್ಮದು ತೀರ್ಥಹಳ್ಳಿ ಕಡೆ. ಕೊಟ್ಟಿಗೆಯಲ್ಲಿ 30 ದನ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಹಾಲು ಕರೆಯುವ ಮಷಿನ್ ಸುಮ್ನೆ ನಿಂತಿರುತ್ತದೆ. ಅದಕ್ಕೇ ಗೋಬರ್ ಗ್ಯಾಸಿನಿಂದ ಜನರೇಟರ್ ಓಡಿಸಲು ಹೊರಟೆ.

ಲೆಕ್ಕ ಸುಲಭವಿತ್ತು. ದನಕ್ಕೆ ದಿನಕ್ಕೆ 10 ಕೆಜಿಯಂತೆ 300 ಕೆಜಿ ಸಗಣಿ. 25 ಕೆಜಿಗೆ ಹೆಚ್ಚುಕಡಿಮೆ ಒಂದು ಘನ ಮೀಟರ್ ಗ್ಯಾಸ್. ಒಂದು ಘನ ಮೀಟರಿಗೆ ಒಂದೂವರೆ ಯೂನಿಟ್ ಅಂದರೂ 18 ಯೂನಿಟ್. ಕಷ್ಟವಾಗಿದ್ದು ಜಾಗ.

ಮೊದಲು ಹಿತ್ತಲು ನೋಡಿದೆ. ಜನರೇಟರ್ ಮನೆ ಹತ್ತಿರ ಇದ್ದರೆ ಅನುಕೂಲ ಅಲ್ವಾ? ಆದರೆ ಕೊಟ್ಟಿಗೆ ಇರುವುದು 60 ಮೀಟರ್ ಕೆಳಗೆ. "ದಿನಾ ಇಷ್ಟು ಬುಟ್ಟಿ ಏರು ಹತ್ತಿಸೋದು ಯಾರು?" ಅಂದಳು ಹೆಂಡತಿ. ಆಗ ಹೊಳೆಯಿತು. ಸಗಣಿ ಭಾರ, ಗ್ಯಾಸ್ ಪೈಪಿನಲ್ಲಿ ಹೋಗುತ್ತದೆ, ಕರೆಂಟಿಗೆ ವೈರ್ ಸಾಕು. ಭಾರದ್ದು ಎಲ್ಲಿದೆಯೋ ಅಲ್ಲೇ ಗುಂಡಿ ಇರಬೇಕು.

ಎರಡನೆಯದು ತೋಟದ ಅಂಚು. ಏಪ್ರಿಲ್‌ನಲ್ಲಿ ಎಂಟು ಅಡಿ ಅಗೆಸಿದೆ, ಒಣ ಮಣ್ಣು. ನನಗೆ ಖುಷಿ. ಗಾರೆ ಕೆಲಸದ ಹಿರಿಯರು ಮಾತ್ರ ಒಪ್ಪಲಿಲ್ಲ. "ಬೇಲಿ ಕಟ್ಟಿ ಹಾಗೇ ಬಿಡಿ ಗೌಡ್ರೇ, ಆಷಾಢ ಕಳೀಲಿ" ಅಂದರು. ಜುಲೈನಲ್ಲಿ ಹೋಗಿ ನೋಡಿದರೆ ಮೇಲಿನಿಂದ ಮೂರೇ ಅಡಿಗೆ ನೀರು! ಬಿದಿರಿನ ಗಳ ಇಳಿಸಿದರೆ ಒದ್ದೆ ಗುರುತು ಐದು ಅಡಿ ಬಂತು. ಅಲ್ಲಿ ಟ್ಯಾಂಕ್ ಕಟ್ಟಿದ್ದರೆ, ಖಾಲಿ ಇದ್ದಾಗ ಒರತೆ ನೀರೇ ಅದನ್ನು ಮೇಲಕ್ಕೆ ಒತ್ತಿ ಒಡೆಯುತ್ತಿತ್ತು. ಮಲೆನಾಡಿನವರು ದಯವಿಟ್ಟು ಬೇಸಿಗೆಯ ಗುಂಡಿ ನಂಬಬೇಡಿ.

ಕೊನೆಗೆ ಸಿಕ್ಕಿದ್ದು ಕೊಟ್ಟಿಗೆಯ ಪಡುವಣ ಬದಿ. ಜಂಬಿಟ್ಟಿಗೆ ನೆಲ. ಅದೇ ಜುಲೈನಲ್ಲಿ ಒಂಬತ್ತು ಅಡಿ ಅಗೆದರೂ ನೀರಿಲ್ಲ. ಕೊಟ್ಟಿಗೆಯ ನೆಲಕ್ಕಿಂತ ತುಸು ತಗ್ಗು, ತೋಟಕ್ಕಿಂತ ಎತ್ತರ. ಸಗಣಿ ತಾನಾಗಿ ಒಳಗೆ ಇಳಿಯುತ್ತದೆ, ಗ್ಯಾಸ್ ಬಿಟ್ಟು ಉಳಿದ ಬಗ್ಗಡ ತಾನಾಗಿ ಅಡಿಕೆ ಬುಡಕ್ಕೆ ಹರಿಯುತ್ತದೆ. ಬಾವಿ ಮೇಲುಗಡೆ, ದೂರದಲ್ಲಿದೆ. ಪಕ್ಕದಲ್ಲೊಂದು ಹಲಸಿನ ಮರ ಇತ್ತು. ಬೇರು ಗೋಡೆ ಸೀಳಬಾರದು, ನೆರಳೂ ಬೀಳಬಾರದು ಅಂತ ಗುರುತನ್ನು ಇನ್ನಷ್ಟು ಆಚೆ ಸರಿಸಿದೆವು. ಚಳಿಗಾಲದಲ್ಲಿ ಹೇಗೂ ಗ್ಯಾಸ್ ಕಮ್ಮಿ, ಬಿಸಿಲು ಬಿದ್ದಷ್ಟೂ ಒಳ್ಳೆಯದು.

ಜನರೇಟರ್ ಕೊಟ್ಟಿಗೆ ಬದಿಯ ಶೆಡ್ಡಿನಲ್ಲೇ ಇದೆ. ಗ್ಯಾಸ್ ಪೈಪನ್ನು ಇಳಿಜಾರಾಗಿ ಹಾಕಿ, ಗ್ಯಾಸಿನ ತೇವದಿಂದ ಪೈಪಿನೊಳಗೆ ಕಟ್ಟುವ ನೀರು ಬಿಡಲು ತಗ್ಗಿನಲ್ಲಿ ಒಂದು ನಲ್ಲಿ ಕೂರಿಸಿದ್ದೇವೆ. ಮನೆಗೆ ಹೋಗುವುದು ವೈರ್ ಮಾತ್ರ.

ಒಂದು ತಪ್ಪು ಆಮೇಲೆ ಗೊತ್ತಾಯಿತು. ಕೊಟ್ಟಿಗೆ ತೊಳೆದ ನೀರೆಲ್ಲ ಗುಂಡಿಗೇ ಹೋಗುತ್ತಿತ್ತು. ಸಗಣಿಯಷ್ಟೇ ನೀರು ಸಾಕು, ಜಾಸ್ತಿಯಾಗಿ ಗ್ಯಾಸ್ ಇಳಿಯಿತು. ಈಗ ಕಾಲುವೆಯನ್ನು ಎರಡು ಕವಲು ಮಾಡಿ ನಡುವೆ ಒಂದು ಹಲಗೆ ಇಟ್ಟಿದ್ದೇನೆ. ಬೆಳಿಗ್ಗೆ ಸಗಣಿ ಎಳೆದು ಮುಗಿಸಿ ಹಲಗೆ ತಿರುಗಿಸುತ್ತೇನೆ. ಆಮೇಲೆ ತೊಳೆದ ನೀರು ನೇರ ತೋಟಕ್ಕೆ.